ಹೊಸ್ತಿಲಿಲ್ಲದ ಮನೆ

ಒರೆಸಿದ ಗಾಜಿನ ಲೋಟಗಳ ತಟ್ಟೆ ಹಿಡಿದುಕೊಂಡು ತಿಹೊಮಿರ್ ದೊಡ್ಡ ಕೋಣೆಯ ಬಾಗಿಲಲ್ಲಿ ನಿಂತುಬಿಟ್ಟ. ನಿಲ್ಲಬೇಕೆಂದು ನಿಂತದ್ದಲ್ಲ. ಕಾಲು ನಿಂತಿತು, ಅದರ ಜೊತೆ ಅವನೂ ನಿಲ್ಲಬೇಕಾಯಿತು. ಇನ್ನೊಂದು ಹೆಜ್ಜೆ ಇಟ್ಟರೆ ಕೋಣೆ. ಅಲ್ಲಿ ಮೇಜು, ಮೇಜಿನ ಮೇಲೆ ಇಸ್ತ್ರಿ ಮಾಡಿ ಹಾಸಿದ ಬಿಳಿ ಬಟ್ಟೆ, ಮೂಲೆಯಲ್ಲಿ ಸಂತ ಲೂಕನ ಪಟ, ಪಟದ ಮುಂದೆ ಇನ್ನೂ ಹಚ್ಚದ ದೊಡ್ಡ ಮೋಂಬತ್ತಿ. ಎಲ್ಲ ಕಣ್ಣೆದುರಿಗೇ ಇತ್ತು, ಅಂಗಾಲು ಮಾತ್ರ ನೆಲ ಬಿಡಲೊಲ್ಲದು. ಮೊಣಕಾಲು ಸಣ್ಣಗೆ ನಡುಗಿತು, ಲೋಟಗಳು ಕಿಣಿಕಿಣಿ ಅಂದವು. ಸದ್ದು ಅಡುಗೆಮನೆಗೆ ಕೇಳಬಾರದೆಂದು ತಟ್ಟೆಯನ್ನು ಎದೆಗೆ ಒತ್ತಿಕೊಂಡ. ಕೇಳಿಯೇ ಕೇಳಿತು.

"ಮತ್ತೆ ನಿಂತ್ಯಾ?" ಅಡುಗೆಮನೆಯಿಂದ ಹೆಂಡತಿ ವಿದಾ ಕೂಗಿದಳು.

"ಇಲ್ಲ, ನೋಡ್ತಾ ಇದೀನಿ."

"ಏನನ್ನ?"

"ಮೇಜು ಸರಿಯಾಗಿದೆಯಾ ಅಂತ."

"ಮೇಜು ಸರಿಯಾಗೇ ಇದೆ. ಕಾಲೆತ್ತು ಮಾರಾಯ, ಕಾಲು! ಇಷ್ಟು ವರ್ಷ ಯಾರಾದ್ರೂ ಹೇಳಿಕೊಟ್ಟಿದ್ರಾ ನಿಂಗೆ?"

ಎತ್ತು ಅಂದಷ್ಟೂ ಅದು ಏಳುವುದಿಲ್ಲ, ಇದು ಅವಳಿಗೂ ಗೊತ್ತು. ಗೊತ್ತಿದ್ದೂ ಹೇಳುತ್ತಾಳೆ, ಹೇಳಿ ಹೇಳಿ ಅವಳಿಗೂ ಸಾಕಾಗಿದೆ. ಕೈ ಒರೆಸಿಕೊಂಡು ಬಂದು ತಟ್ಟೆ ಇಸಿದುಕೊಂಡಳು, ಭುಜದಿಂದ ಅವನನ್ನು ಒಂದಿಷ್ಟು ಪಕ್ಕಕ್ಕೆ ವಾಲಿಸಿದಳು. ಬೀರು ಸರಿಸುವಾಗ ಹೀಗೇ ಮಾಡುತ್ತಾರೆ. ವಾಲಿದಾಗ ಎಡಗಾಲು ಕಿತ್ತು ಬಂತು, ಅವನು ಮುಗ್ಗರಿಸಿದ ಹಾಗೆ ಒಳಗೆ ಬಂದ. ಬಾಗಿಲು ಕಂಡರೆ ಮಾತ್ರ ಹೀಗೆ. ಪಾರ್ಕಿನ್ಸನ್ ಅಂದರೆ ಹಾಗೇ ಎಂದು ಡಾಕ್ಟರು ಹೇಳಿದ್ದರು, ಹವಾಮಾನ ಹೇಳಿದಷ್ಟು ಸಲೀಸಾಗಿ. ಕೈ ನಡುಗುವುದು ಊರಿಗೇ ಗೊತ್ತು. ಕಾಲು ನಿಲ್ಲುವುದು ಮನೆಯೊಳಗಿನ ಮಾತು ಎಂದು ಅವನು ನಂಬಿಕೊಂಡಿದ್ದ.

ಇವತ್ತು ಮನೆಯ ಸಂತನ ದಿನ, ಸ್ಲಾವ. ಇದಕ್ಕೆ ಯಾರನ್ನೂ ಕರೆಯುವ ಪದ್ಧತಿಯಿಲ್ಲ, ಬರುವವರು ತಾವಾಗೇ ಬರುತ್ತಾರೆ, ಕತ್ತಲಾಗುವವರೆಗೂ ಬರುತ್ತಲೇ ಇರುತ್ತಾರೆ. ಬಂದವರೆಲ್ಲ ಕೂತಿರುವಾಗ ಯಜಮಾನ ಕೂರುವಂತಿಲ್ಲ. ಬಾಗಿಲಿಗೆ ಹೋಗಿ ಎದುರುಗೊಳ್ಳಬೇಕು, ಒಳಗೆ ಕರೆತರಬೇಕು, ಲೋಟ ತುಂಬಬೇಕು, ಮತ್ತೆ ಬಾಗಿಲಿಗೆ ಹೋಗಬೇಕು. ನಿನ್ನೆ ತಮ್ಮ ಮಿಲಾದಿನ್ ಫೋನ್ ಮಾಡಿದ್ದ. "ತಿಹೋ, ಬೇಜಾರು ಮಾಡ್ಕೋಬೇಡ. ಮುಂದಿನ ವರ್ಷದಿಂದ ಪಟ, ಮೋಂಬತ್ತಿ ನಮ್ಮನೆಗೆ ತಂದರೆ ಹೇಗೆ? ನೀನು ಬಂದು ಆರಾಮಾಗಿ ಕೂತ್ಕೋ." ಆರಾಮಾಗಿ ಕೂತ್ಕೋ! ಅಪ್ಪನ ಮನೆಯಿಂದ ಅಪ್ಪನ ಸಂತನನ್ನು ಎತ್ತಿಕೊಂಡು ಹೋಗಿ, ಹಿರಿಮಗನಿಗೆ ಮೂಲೆಯಲ್ಲೊಂದು ಕುರ್ಚಿ. ನೋಡೋಣ ಅಂದಿದ್ದ ತಿಹೊಮಿರ್. ಫೋನ್ ಇಟ್ಟ ಮೇಲೆ ವಿದಾ ಏನೂ ಹೇಳಲಿಲ್ಲ. ಅದೇ ಅವನಿಗೆ ಹೆಚ್ಚು ಚುಚ್ಚಿತು, ಯಾಕೆಂದರೆ ಅವಳು ಒಪ್ಪದೆ ಇದ್ದಿದ್ದರೆ ಬಾಯಿ ಮುಚ್ಚಿಕೊಂಡಿರುವವಳಲ್ಲ.

ಇವತ್ತೊಂದು ದಿನ ನಾಲ್ಕು ಜನರ ಎದುರು ಬಾಗಿಲಲ್ಲಿ ನಿಲ್ಲದಿದ್ದರೆ ಸಾಕಿತ್ತು. ಅಪ್ಪ ನಿಂತಿರುತ್ತಿದ್ದದ್ದು ಬೇರೆ ಥರ. ಕಪ್ಪು ಸೂಟು, ಗುಂಡಿ ಹಾಕಿದ ಕಾಲರು, ಉಗುರಿನ ಸಂದಿಯಲ್ಲಿ ಎಷ್ಟು ಉಜ್ಜಿದರೂ ಹೋಗದ ರೈಲುಡಬ್ಬಿ ಕಾರ್ಖಾನೆಯ ಗ್ರೀಸು. ಬೆಳಗಿನಿಂದ ಸಂಜೆಯವರೆಗೆ ಕಾಲ ಮೇಲೆ. ಅಮ್ಮ ಗಾಲಿಕುರ್ಚಿಯಲ್ಲಿ. "ಇಡೀ ಕ್ರಾಲ್ಯೆವೊ ಊರಲ್ಲಿ ಸ್ಲಾವದ ದಿನ ಕೂತರೂ ಬೈಸಿಕೊಳ್ಳದ ಯಜಮಾನಿ ನಾನೊಬ್ಬಳೇ ಕಣ್ರೀ," ಅಂತ ಅಮ್ಮ ನಗುತ್ತಿದ್ದಳು. ಬಂದವರಿಗೆ ಮೊದಲು ಒಂದು ಚಮಚ ಸಿಹಿ ಗೋಧಿ ಕೊಡುವುದು ಅವಳ ಕೆಲಸ. ಗಾಲಿಕುರ್ಚಿಯ ಎರಡು ಕೈಗಳಿಗೆ ಕಚ್ಚಿಕೊಂಡು ಕೂರುವ ಒಂದು ಹಲಗೆ ಮಾಡಿಕೊಟ್ಟಿದ್ದ ಅಪ್ಪ; ಗೋಧಿಯ ಬಟ್ಟಲಿಗೆ ಅದರಲ್ಲೊಂದು ಗುಂಡಿ, ಚಮಚಗಳ ಲೋಟಕ್ಕೆ ಇನ್ನೊಂದು ಗುಂಡಿ. ಅವಳು ಹಲಗೆ ಸಮೇತ ಉರುಳಿಕೊಂಡು ಬಾಗಿಲಿಗೆ ಬರುತ್ತಿದ್ದಳು. ಬರುವ ಹಾಗೆ ಆದದ್ದು ಆಮೇಲೆ. ಮೊದಲ ವರ್ಷ ಅಪ್ಪನೇ ಕುರ್ಚಿಯನ್ನು ಹಿಂದಿನಿಂದ ಎತ್ತಿ ಈ ಬಾಗಿಲ ಹೊಸ್ತಿಲು ದಾಟಿಸಲು ಹೋಗಿ, ಮುಂದಿನ ಗಾಲಿ ಬಡಿದು, ಬಟ್ಟಲು ಅಮ್ಮನ ಮಡಿಲಿಗೆ ಮಗುಚಿತು. ಗೋಧಿ ಅವಳ ಹಬ್ಬದ ಲಂಗಕ್ಕೆ, ಪಾದ್ರಿಯ ಬೂಟಿಗೆ. ಅಮ್ಮ ಎರಡು ಕೈಯಲ್ಲಿ ಲಂಗ ಹಿಡಿದುಕೊಂಡು ಕೂತೇ ಇದ್ದಳು. ಮರುದಿನ ಬೆಳಿಗ್ಗೆ ಹುಡುಗರಿಬ್ಬರಿಗೆ ಎಚ್ಚರವಾದದ್ದು ಗರಗಸದ ಸದ್ದಿಗೆ. ತಿಂಡಿ ಹೊತ್ತಿಗೆ ಮನೆಯಲ್ಲಿ ಒಂದೂ ಹೊಸ್ತಿಲಿರಲಿಲ್ಲ, ಹೊರಬಾಗಿಲದ್ದೂ ಸೇರಿ.

ಅಲ್ಲಿಗೆ ನಿಂತಿತಾ? ಒಮ್ಮೆ ಗರಗಸ ಕೈಗೆ ಬಂದ ಮೇಲೆ ಅಪ್ಪ ಬಿಡುವವನಲ್ಲ. ಒಲೆಯ ಕಾಲು ಕೊಯ್ದ, ಪಾತ್ರೆ ತೊಳೆಯುವ ತೊಟ್ಟಿ ಕೆಳಗಿಳಿಸಿದ, ದೀಪದ ಸ್ವಿಚ್ಚುಗಳನ್ನು ಸೊಂಟಕ್ಕೆ ತಂದ. ಬಾಗಿಲ ಕಣ್ಣು ಕೂಡ ಕೆಳಗೆ. ಆಮೇಲೆ ಬಂದವರು ಯಾರೆಂದು ನೋಡಲು ಉಳಿದವರೆಲ್ಲ ಮಂಡಿಯೂರಬೇಕು. ಕಾರ್ಖಾನೆಯಲ್ಲಿ ಎಸೆದ ರೈಲುಡಬ್ಬಿಯ ನೆಲಹಲಗೆ ತಂದು ಹೊರಗೆ ಇಳಿಜಾರು ಕಟ್ಟಿದ, ಸೈಕಲ್ ಚೈನು ರಾಟೆಗೆ ಹಾಕಿ ಅಮ್ಮ ತಾನೇ ಹಾಸಿಗೆಯಿಂದ ಏಳುವ ಹಾಗೆ ಮಾಡಿದ. ಇಡೀ ಮನೆ ಕೂತ ಹೆಂಗಸೊಬ್ಬಳ ಅಳತೆಗೆ ಇಳಿಯಿತು, ನಡೆದಾಡುವವರೆಲ್ಲ ಬಗ್ಗಿದರು. ವಿದಾ ಈ ಮನೆಗೆ ಸೊಸೆಯಾಗಿ ಬಂದವಳು ಆ ಕುಳ್ಳು ಒಲೆಯ ಮುಂದೆ ಬಗ್ಗಿ ಬಗ್ಗಿ ಅಡುಗೆ ಮಾಡಿದಳು. "ಬಂದಾಗ ನೆಟ್ಟಗಿದ್ದೆ ನಾನು," ಎಂದು ಈಗಲೂ ಸೊಂಟ ಹಿಡಿದು ಹೇಳುತ್ತಾಳೆ. ಅಮ್ಮ ಹೋದಳು, ಅಪ್ಪನೂ ಹೋದ. ಒಲೆ ಎತ್ತರಿಸೋಣ ಎಂದು ಪ್ರತಿ ವಸಂತದಲ್ಲೂ ಮಾತಾಗುತ್ತದೆ. ಯಾರು ಎತ್ತರಿಸುತ್ತಾರೆ? ಎತ್ತರಿಸಬಲ್ಲವನು ಸತ್ತುಹೋದ.

"ಕುರ್ಚಿ ಸಾಲಲ್ಲ," ವಿದಾ ಅಂದಳು. "ಮೇಲ್ಗಡೆ ರಾಯ್ನಾ ಚಿಕ್ಕಮ್ಮನ ಹತ್ರ ಎರಡು ತರ್ತೀನಿ. ಒಲೆ ಮೇಲೆ ಕೋಸಿನೆಲೆ ಸುರುಳಿ ಇದೆ, ತಳ ಹಿಡಿಯದ ಹಾಗೆ ನೋಡ್ಕೋ."

"ನಾನೇ ಹೋಗ್ತೀನಿ."

"ಮೆಟ್ಟಿಲು ಹತ್ತಿ?"

"ಮೆಟ್ಟಿಲು ಏನೂ ಮಾಡಲ್ಲ ನಂಗೆ."

ಅದು ನಿಜವಾಗಿತ್ತು, ಯಾಕೆಂದು ಅವನು ಯೋಚಿಸಿರಲಿಲ್ಲ. ಹೊರಬಾಗಿಲಲ್ಲಿ ಗೋಡೆ ಹಿಡಿದು ಸ್ವಲ್ಪ ಹೊತ್ತು ಸುಮ್ಮನೆ ನಿಂತಿದ್ದ, ಆಮೇಲೆ ಹೇಗೋ ದಾಟಿದ. ಮೆಟ್ಟಿಲು ಕಂಡದ್ದೇ ತಡ ಕಾಲು ಚುರುಕಾಯಿತು. ಒಂದೊಂದು ಮೆಟ್ಟಿಲೂ ಇಲ್ಲಿಡು, ಇಲ್ಲಿಡು ಅನ್ನುತ್ತಿತ್ತು. ಮೇಲಿನ ಮಹಡಿಯಲ್ಲಿ ರಾಯ್ನಾ ಚಿಕ್ಕಮ್ಮ ಬಾಗಿಲು ತೆರೆದೇ ಕಾದಿದ್ದಳು. ಅಮ್ಮನ ಕಾಲದ ಗೆಳತಿ, ಈಗ ಒಂಟಿ, ಕಟ್ಟಡದಲ್ಲಿ ಯಾರು ಕೆಮ್ಮಿದರೂ ಅವಳಿಗೆ ತಿಳಿಯುತ್ತದೆ. ಅವನು ಕೈ ಮುಂದೆ ಚಾಚಿದ.

"ಏಯ್, ಹೊಸ್ತಿಲ ಮೇಲೆ ಕೈ ಕೊಡ್ತಾರಾ? ಜಗಳ ಹಚ್ಚಬೇಡ, ಒಳಗೆ ಬಾ."

ಅವನು ದಾಟಿ ಒಳಗೆ ಹೋಗಿ ಕೈ ಕೊಟ್ಟ.

"ನಿಮ್ಮನೆಯವರಿಗೆ ಹೊಸ್ತಿಲು ಅಂದ್ರೆ ಏನಂತ್ಲೇ ಗೊತ್ತಿಲ್ಲ," ಅಂದಳು ಚಿಕ್ಕಮ್ಮ. "ನಿಮ್ಮಪ್ಪ ತನ್ನ ಮನೇದು ಕಿತ್ತು ಹಾಕಿದ, ಆಮೇಲೆ ಊರವರ ಹೊಸ್ತಿಲನ್ನೆಲ್ಲ ಎಡವಿಕೊಂಡು ಓಡಾಡಿದ. ನೀನೂ ಅಷ್ಟೇ, ನಿನ್ನ ತಮ್ಮನೂ ಅಷ್ಟೇ. ಬಾಗಿಲಲ್ಲಿ ಧಡ್ ಅಂತ ಸದ್ದಾದ್ರೆ ಸ್ವೆತೊಜಾರನ ಮಕ್ಕಳು ಬಂದ್ರು ಅಂತ ಲೆಕ್ಕ." ಆಮೇಲೆ ಅವನ ಕಾಲು ನೋಡಿದಳು. "ಮೇಕೆ ಥರ ಹತ್ತಿ ಬಂದ್ಯಲ್ಲೋ! ಮನೇಲಿ ಗೂಟ ಹೊಡೆದ ಹಾಗೆ ನಿಂತ್ಬಿಡ್ತಾನೆ ಅಂತ ವಿದಾ ಅಳ್ತಾ ಇದ್ಲು."

ತಿಹೊಮಿರನ ಕಿವಿ ಬಿಸಿಯಾಯಿತು. "ಅವಳು ಹೇಳಿದಳಾ?"

"ಹೇಳದೆ ಏನು ಮಾಡ್ತಾಳೆ, ಗೋಡೆಗೆ ಹೇಳ್ಕೋತಾಳಾ?"

ಹಾಗಾದರೆ ಮಿಲಾದಿನನಿಗೂ ಗೊತ್ತು. ಆರಾಮಾಗಿ ಕೂತ್ಕೋ ಅಂದದ್ದು ಅದಕ್ಕೇ. ಕಟ್ಟಡಕ್ಕೆಲ್ಲ ಗೊತ್ತಿರಬೇಕು, ಅವನೊಬ್ಬ ತಟ್ಟೆಯನ್ನು ಎದೆಗೊತ್ತಿಕೊಂಡು ಮೇಜು ನೋಡುತ್ತಾ ನಿಂತಿದ್ದ ಕೋಡಂಗಿ. ಬೇಗ ಇಲ್ಲಿಂದ ಹೋಗಬೇಕು ಅನ್ನಿಸಿ ಒಂದು ಕುರ್ಚಿ ಕಂಕುಳಿಗೆ ಸಿಕ್ಕಿಸಿಕೊಂಡು ಹೊರಟ. ಕೋಣೆಯ ಬಾಗಿಲು ದಾಟಿದ, ಹೊರಬಾಗಿಲು ದಾಟಿದ, ದಾಟಿ ಮೆಟ್ಟಿಲ ತಲೆಯಲ್ಲಿ ನಿಂತು ಹಿಂತಿರುಗಿ ನೋಡಿದ. ಎರಡು ಬಾಗಿಲು. ಎಲ್ಲೂ ನಿಂತಿರಲಿಲ್ಲ. ಒಳಗೆ ಬರುವಾಗಲೂ ನಿಂತಿರಲಿಲ್ಲ. ಎರಡರಲ್ಲೂ ಅಡ್ಡಲಾಗಿ ಒಂದೊಂದು ಮರದ ಪಟ್ಟಿ, ಬಣ್ಣ ಹೋದದ್ದು, ಕಾಲಿನ ಕೆಳಗೆ ಬಂದು ನನ್ನನ್ನು ದಾಟು ಅನ್ನುವಂಥದ್ದು.

ಅವನಿಗೆ ಮೊದಲು ಬಂದದ್ದು ಸಿಟ್ಟು. ಅಪ್ಪಾ, ಮಹಾರಾಯ, ಎಷ್ಟು ನುಣ್ಣಗೆ ಮಾಡಿಟ್ಟು ಹೋದೆಯೋ! ಒಬ್ಬಳಿಗೆ ದಾರಿ ಮಾಡಲು ಇನ್ನೊಬ್ಬನ ದಾರಿ ಕಿತ್ತೆ. ಅಲ್ಲ, ಆಗ ಅವನಿಗೆ ಹೇಗೆ ಗೊತ್ತಿರಬೇಕಿತ್ತು? ಗೊತ್ತಿದ್ದರೆ ಏನು ಮಾಡುತ್ತಿದ್ದ? ಹೊಸ್ತಿಲಿಗೆ ತಿರುಗಣೆ ಹಾಕಿ, ಅವಳು ಬಂದಾಗ ಮಲಗಿ ಇವನು ಬಂದಾಗ ಏಳುವ ಹಾಗೆ ಏನೋ ಒಂದು ಮಾಡಿಯೇ ಮಾಡುತ್ತಿದ್ದ, ಆ ಗ್ರೀಸಿನ ಕೈಯವನು. ನಗು ಬಂತು, ಹಿಂದೆಯೇ ಅಳುವೂ ಬಂತು. ಕೆಳಗಿಳಿದು ಬಂದು ಕುರ್ಚಿಯನ್ನು ತಮ್ಮ ಮನೆ ಬಾಗಿಲ ಹೊರಗೆ ಬಿಟ್ಟು, ಗೋಡೆ ಸವರಿಕೊಂಡು ಕಕ್ಕಸಿಗೆ ಹೋಗಿ ಕೂತ. ಅಳುವುದಕ್ಕೆ ಈ ಮನೆಯಲ್ಲಿ ಇರುವ ಜಾಗ ಅದೊಂದೇ.

ಏಳುವಾಗ ದಿನವೂ ಹೋಗುವ ಕಡೆಗೆ ಬಲಗೈ ಹೋಯಿತು, ಗೋಡೆಯ ಕೈಹಿಡಿಗೆ. ಅಮ್ಮನಿಗಾಗಿ ಅಪ್ಪ ಹೊಡೆದದ್ದು: ಓಕ್ ಮರದ ಒಂದು ತುಂಡು, ಅಂಚು ಉಜ್ಜಿ ಗುಂಡಗೆ ಮಾಡಿದ್ದು, ಗೋಡೆಯಿಂದ ಕೈ ತೂರುವಷ್ಟು ಹೊರಗೆ. ಅದರ ಮೇಲುಮೈಯ ನಡುವೆ ಒಂದು ತಗ್ಗಿದೆ. ಅಂಗೈ ಅಲ್ಲಿಗೇ ಹೋಗಿ ಕೂರುತ್ತದೆ. ಅಪ್ಪ ಕೈಗೆಂದೇ ಕೆತ್ತಿದ ತಗ್ಗು ಎಂದು ಇಷ್ಟು ವರ್ಷ ಅಂದುಕೊಂಡಿದ್ದ. ಈಗ ಬೆರಳಿನಿಂದ ಸವರಿ ನೋಡಿದ. ಉಳಿಯ ಗುರುತಿಲ್ಲ. ಕೆತ್ತಿದ್ದಲ್ಲ, ಸವೆದದ್ದು. ಅವರು ಈ ಮನೆಗೆ ಬರುವ ಮುಂಚೆ ಇದ್ದವರ ಕಾಲು, ಅಮ್ಮನದೇ ನಡೆದಾಡುತ್ತಿದ್ದ ಕಾಲು, ಎಲ್ಲ ತುಳಿದು ತುಳಿದು ಆದದ್ದು. ಅಪ್ಪ ಹೊಸ್ತಿಲು ಎಸೆದಿರಲಿಲ್ಲ. ಅವನು ಯಾವತ್ತು ಏನನ್ನು ತಾನೇ ಎಸೆದಿದ್ದ?

"ವಿದಾ! ಸ್ಕ್ರೂಡ್ರೈವರ್ ತಾ!"

ಅವಳು ಹೆದರಿ ಓಡಿಬಂದಳು, ಹಿಟ್ಟಿನ ಕೈಯಲ್ಲೇ. ಅವನು ಹೇಳಿದ್ದನ್ನು ಕೇಳಿ ಬಾಗಿಲ ಚೌಕಟ್ಟಿಗೆ ಒರಗಿದಳು.

"ಹುಚ್ಚಾ ನಿಂಗೆ? ಇದನ್ನ ಕಿತ್ತರೆ ನಾಳೆಯಿಂದ ಇಲ್ಲಿಂದ ಏಳೋದು ಹೇಗೆ?"

"ನಾಳೆದು ನಾಳೆ."

"ಜನ ಬರೋ ಹೊತ್ತು. ಕೋಸು ತಳ ಹಿಡೀತಿದೆ."

"ಹಿಡೀಲಿ. ಪಟ ಹೋದ ಮೇಲೆ ಈ ಮನೇಲಿ ನಾನು ಯಾರು ಹೇಳು? ಗುಳಿಗೆ ನುಂಗೋನು, ಅಷ್ಟೇ. ಇವತ್ತು ನಾನು ನಿಂತಿರ್ಬೇಕು ವಿದಾ. ನಿಂತಿರೋದು ಅಂದ್ರೆ ನಡೆದಾಡೋದು."

ಅವಳು ತಂದುಕೊಟ್ಟ ಸ್ಕ್ರೂಡ್ರೈವರಿನ ತುದಿ ಸ್ಕ್ರೂವಿನ ಗೆರೆಗೆ ಕೂರಲಿಲ್ಲ. ಕೈ ನಡುಗಿ ಅದು ಮೊದಲು ಗೋಡೆ ಗೀರಿತು, ಆಮೇಲೆ ಅವನ ಹೆಬ್ಬೆರಳು ಗೀರಿತು. ಅಪ್ಪನ ಮಗ ಒಂದು ಸ್ಕ್ರೂ ಬಿಚ್ಚಲಾರ. ವಿದಾ ನೋಡುತ್ತಾ ನಿಂತಿದ್ದಳು, ಆಮೇಲೆ ನಿಟ್ಟುಸಿರು ಬಿಟ್ಟು, ಏಪ್ರನ್ನಿಗೆ ಕೈ ಒರೆಸಿ, "ಕೊಡಿಲ್ಲಿ," ಅಂದಳು. ದೊಡ್ಡ ಕೋಣೆಯ ಬಾಗಿಲಲ್ಲಿ ಮಂಡಿಯೂರಿ ಅದನ್ನು ನೆಲಕ್ಕೆ ಬಿಗಿದವಳೂ ಅವಳೇ, ತಗ್ಗು ಮೇಲೆ ಬರುವ ಹಾಗೆ. ಅಪ್ಪ ಎರಡೂ ತುದಿ ಕತ್ತರಿಸಿದ್ದರಿಂದ ಬಾಗಿಲಿನ ಅಗಲಕ್ಕೆ ಅದು ಸಾಲಲಿಲ್ಲ, ಎರಡು ಬದಿಯಲ್ಲೂ ಇಲಿ ನುಗ್ಗುವಷ್ಟು ಸಂದಿ ಉಳಿಯಿತು. "ನಿಮ್ಮಪ್ಪ ಕಿತ್ತದ್ದನ್ನ ಹಾಕೋಕೂ ನಾನೇ ಬಗ್ಗಬೇಕು," ಎಂದು ಬೈದುಕೊಂಡು ಎದ್ದಳು. ತಿಹೊಮಿರ್ ನೋಡಿದ. ಬಲಗಾಲು ತಾನಾಗಿ ಎದ್ದಿತು, ದಾಟಿತು. ತಿರುಗಿ ಬಂದ, ದಾಟಿತು. ಮತ್ತೆ. ವಿದಾ ಬಾಯಿಗೆ ಕೈ ಇಟ್ಟುಕೊಂಡಳು. ಹಿಟ್ಟು ಮೂಗಿಗೆಲ್ಲ ಹತ್ತಿತು.

ಮಧ್ಯಾಹ್ನದ ಹೊತ್ತಿಗೆ ಕೋಣೆ ತುಂಬಿತು. ಮೋಂಬತ್ತಿ ಉರಿಯುತ್ತಿತ್ತು. ಕಾರ್ಖಾನೆಯ ಹಳಬರು, ವಿದಾಳ ಅಕ್ಕಂದಿರು, ಉಳಿದೊಂದು ಕುರ್ಚಿಯನ್ನು ತಾನೇ ಹೊತ್ತು ತಂದ ರಾಯ್ನಾ ಚಿಕ್ಕಮ್ಮ. ಗಂಟೆ ಬಾರಿಸಿದಾಗಲೆಲ್ಲ ಮಾತು ಒಂದು ಗಳಿಗೆ ನಿಲ್ಲುತ್ತಿತ್ತು, ಎಲ್ಲರ ಕಣ್ಣು ಅವನ ಕಾಲಿಗೆ ಹೋಗುತ್ತಿತ್ತು. ಈಗ ಅವನಿಗೆ ಅದು ಗೊತ್ತಾಗುತ್ತಿತ್ತು. ಅವನು ಯಾರನ್ನೂ ನೋಡದೆ ಆ ತಗ್ಗನ್ನು ಮಾತ್ರ ನೋಡಿಕೊಂಡು ಹೋಗುತ್ತಿದ್ದ. ಪ್ಯಾಸೇಜಿನ ಕೊನೆಗೆ ಹೊರಬಾಗಿಲು, ಅಲ್ಲಿ ದಾಟುವ ಕೆಲಸವಿಲ್ಲ, ಬಂದವರೇ ದಾಟಿ ಬರುತ್ತಾರೆ. ಮಿಲಾದಿನ್ ಬಂದ, ಹೊಸ ಕೋಟು, ಕೈಯಲ್ಲಿ ರಾಕಿಯಾ ಮದ್ಯದ ಬಾಟಲಿ. ಮೂರು ಸಲ ಕೆನ್ನೆಗೆ ಕೆನ್ನೆ ತಾಗಿಸಿ "ಹಬ್ಬ ಶುಭವಾಗಲಿ," ಅಂದ. ಹಬ್ಬ ಶುಭವಾಗಲಿ, ಯಜಮಾನರೇ ಅನ್ನುವುದು ವಾಡಿಕೆ. ಕೊನೆಯ ಮಾತು ಅವನು ನುಂಗಿದ್ದು ತಿಹೊಮಿರನಿಗೆ ಕೇಳಿಸಿತು.

"ನೀನು ಕೂತ್ಕೋ ಹೋಗು ತಿಹೋ, ಸಾಕು ನಿಂತದ್ದು. ಗೋಧಿ ನಾನು ಒಯ್ತೀನಿ."

ಬೇಡ ಅನ್ನುವುದರೊಳಗೆ ಅಡುಗೆಮನೆಗೆ ನುಗ್ಗಿ ಬಟ್ಟಲೆತ್ತಿಕೊಂಡ. ತಿಹೊಮಿರ್ ಮುಂದೆ ಹೋಗಿ ಹೊಸ್ತಿಲು ದಾಟಿ ಕೋಣೆಯಲ್ಲಿ ನಿಂತ. ಹೇಳಬೇಕಿತ್ತು. ಹೇಳಬೇಕೆಂದು ಬಾಯಿ ತೆರೆದ, ಆದರೆ ಆ ನುಂಗಿದ ಮಾತು ನಾಲಿಗೆಗೆ ಅಡ್ಡ ಬಂತು. ಮಿಲಾದಿನ್ ತಾನು ಹುಟ್ಟಿ ಬೆಳೆದ ಮನೆಯಲ್ಲಿ ಕಣ್ಣುಮುಚ್ಚಿ ನಡೆಯುವವನ ಹಾಗೆ ಬಂದ, ನಗುತ್ತಾ, ನೆಲ ನೋಡದೆ. ಧಡ್. ಬಟ್ಟಲು ಹಾರಿತು. ಗೋಧಿ, ಆಕ್ರೋಟಿನ ಪುಡಿ, ಸಕ್ಕರೆ ಅವನ ಹೊಸ ಕೋಟಿನ ಮೇಲೆ, ನೆಲದ ಮೇಲೆ, ತಿಹೊಮಿರನ ಬೂಟಿನ ಮೇಲೆ.

"ಸ್ವೆತೊಜಾರನ ಮಕ್ಕಳು ಬಂದ್ರು!" ಅಂದಳು ರಾಯ್ನಾ ಚಿಕ್ಕಮ್ಮ.

ಆಗ ನಗು ಎದ್ದಿತು. ಮಿಲಾದಿನ್ ಮಾತ್ರ ನಗಲಿಲ್ಲ. ಪ್ಯಾಸೇಜಿನಲ್ಲಿ ಮಂಡಿಯೂರಿ ಬಿದ್ದವನು ಹಾಗೇ ಇದ್ದ. "ಯಾವ ಗೂಬೆ ಇಲ್ಲಿ ಹಲಗೆ ಹೊಡೆದದ್ದು?" ಅಂದವನು ಕೈಯಿಂದ ಗೋಧಿ ಸರಿಸಿದ, ಸರಿಸುತ್ತಿದ್ದ ಕೈ ತಗ್ಗಿನಲ್ಲಿ ನಿಂತಿತು. ಸವರಿ ನೋಡಿದ. ಅವನೂ ಇದೇ ಮನೆಯ ಕಕ್ಕಸಿನಲ್ಲಿ ಅಮ್ಮನನ್ನು ಹಿಡಿದು ಏಳಿಸಿದವನೇ.

"ಇದು ಅಮ್ಮನ ಕೈಹಿಡಿ ಅಲ್ವೇನೋ?"

"ಅದಕ್ಕಿಂತ ಮೊದಲು ಹೊಸ್ತಿಲು," ಅಂದ ತಿಹೊಮಿರ್. ಎಲ್ಲರೂ ಕೇಳುತ್ತಿದ್ದರು, ಕೇಳಲಿ. "ನನ್ನ ಕಾಲು ಬಾಗಿಲಲ್ಲಿ ನಿಂತು ಹೋಗತ್ತೆ ಮಿಲಾದಿನ್. ನಿಂಗೆ ಗೊತ್ತು, ಎಲ್ಲರಿಗೂ ಗೊತ್ತು. ಇದೊಂದಿದ್ರೆ ದಾಟತ್ತೆ. ನಿಂಗೆ ಮೊದಲೇ ಹೇಳಬೇಕಿತ್ತು. ಹೇಳಲಿಲ್ಲ."

ಮಿಲಾದಿನ್ ಅಣ್ಣನ ಕಾಲು ನೋಡಿದ, ಮುಖ ನೋಡಿದ. ಅವನ ಹುಬ್ಬಿನ ಮೇಲೆಲ್ಲ ಸಕ್ಕರೆ. ಏಳಲಿಕ್ಕೆ ಕೈ ಮೇಲೆ ಚಾಚಿದ. ತಿಹೊಮಿರನ ಕೈಯೂ ಅರ್ಧ ಹೋಗಿತ್ತು, ಹೋದದ್ದು ನಿಂತಿತು.

"ಹೊಸ್ತಿಲ ಮೇಲೆ ಬೇಡ. ಜಗಳ ಆಗತ್ತೆ. ದಾಟಿ ಬಾ."

"ಬೀಳಿಸಿದ್ದೂ ಅಲ್ದೆ ದಾಟಿ ಬಾ ಅಂತಾನೆ ನೋಡಿ," ಎಂದು ಗೊಣಗುತ್ತಾ ಚೌಕಟ್ಟು ಹಿಡಿದು ಎದ್ದ. ಕಾಲನ್ನು ಬೇಕೆಂದೇ ಮೊಣಕಾಲೆತ್ತರ ಎತ್ತಿ, ಎಲ್ಲರಿಗೂ ಕಾಣುವ ಹಾಗೆ, ದಾಟಿ ಒಳಗೆ ಬಂದ. ಅಣ್ಣನ ನಡುಗುವ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. "ಹಬ್ಬ ಶುಭವಾಗಲಿ, ಯಜಮಾನರೇ," ಅಂದ. ಪಟದ ಮಾತು ಆಮೇಲೆ ಅವನು ಎತ್ತಲಿಲ್ಲ.

ಸಂಜೆ ಕೊನೆಯವರು ಹೋದ ಮೇಲೆ ತಿಹೊಮಿರ್ ಕಕ್ಕಸಿಗೆ ಹೋಗಿ ಕೂತ. ಜನ ಬರತೊಡಗಿದ ಮೇಲೆ ಮೊದಲ ಸಲ ಕೂತದ್ದು. ತೊಡೆಗಳಲ್ಲಿ ಏನೂ ಉಳಿದಿರಲಿಲ್ಲ, ಎಷ್ಟು ಸುಸ್ತೆಂದರೆ ಸಂತೋಷವನ್ನು ಕೂಡ ನಾಳೆ ಪಟ್ಟರಾಯಿತು ಅನ್ನಿಸಿತು. ಪ್ಯಾಸೇಜಿನ ಆಚೆ ವಿದಾ ಗೋಧಿ ಗುಡಿಸುವ ಸದ್ದು ಕೇಳುತ್ತಿತ್ತು, ಸಂದಿಯೊಳಗೆ ಹೋದದ್ದನ್ನು ಕೆದಕಿ ತೆಗೆಯುತ್ತಿದ್ದಳು. ಏಳೋಣವೆಂದು ಬಲಗೈ ಗೋಡೆಗೆ ಹೋಯಿತು. ಎರಡು ಸ್ಕ್ರೂವಿನ ತೂತು, ಸುತ್ತ ಮಾಸದ ಬಣ್ಣ. ಕೈ ಅಲ್ಲೇ ಸವರಾಡಿತು. ಎರಡು ಸಲ ಪ್ರಯತ್ನಿಸಿದ, ಎರಡು ಸಲವೂ ಕೂತ. ಪೂರ್ತಿ ದಿನ ಕೂರದೆ ನಿಂತಿದ್ದ ಯಜಮಾನ ಈಗ ಇಲ್ಲಿ ಕೂತುಬಿಟ್ಟಿದ್ದಾನೆ.

"ವಿದಾ."

ಪೊರಕೆ ನಿಂತಿತು. ಅವಳು ಬಂದು ಬಾಗಿಲು ತೆರೆದಳು, ಅವನನ್ನು ನೋಡಿದಳು, ಗೋಡೆಯ ತೂತು ನೋಡಿದಳು. ನಾನು ಹೇಳಿರಲಿಲ್ವಾ ಅನ್ನುತ್ತಾಳೆಂದು ಕಾದ. ಅನ್ನಲಿಲ್ಲ. ನೋಯುವ ಸೊಂಟಕ್ಕೆ ಒಂದು ಕೈ ಕೊಟ್ಟು, ಆಚೆ ಪ್ಯಾಸೇಜಿನಲ್ಲೇ ಕಾಲೂರಿಕೊಂಡು ಇನ್ನೊಂದು ಕೈ ಒಳಗೆ ಚಾಚಿದಳು. ಅವನಿಗೆ ನಾಚಿಕೆಯಾಯಿತು. ನಾಚಿಕೆಗೆ ಏನಾದರೂ ಅನ್ನಬೇಕಲ್ಲ ಎಂದು, "ಬಾಗಿಲಲ್ಲಿ ನಿಂತು ಕೈ ಕೊಡಬಾರದು," ಅಂದ.

"ಇಲ್ಲೆಲ್ಲಿದೆ ಹೊಸ್ತಿಲು?" ಅಂದಳು ವಿದಾ. "ನಿಮ್ಮಪ್ಪ ಕಿತ್ತು ಹಾಕಿದಾನಲ್ಲ. ಹಿಡಿ."